ಮೂರನೇ ಕೂಗಿಗೆ ಕಾದವನು

ಅಣ್ಣ ಕರೆದ. ನಾನು ಓ ಅನ್ನಲಿಲ್ಲ.

ಇಷ್ಟೇ ನನ್ನ ತಪ್ಪು. ಬರೆಯಲು ಒಂದು ಸಾಲು ಸಾಕಾಯಿತು. ಬಾಯಿಗೆ ಬರಲು ವರ್ಷ ಹಿಡಿಯಿತು. ಪತ್ರಿಕೆಯ ಈ ಜಾಗದಲ್ಲಿ ವಾರವಾರ ಊರಿನವರ ತಪ್ಪು ಬರೆದು ನಿಮ್ಮನ್ನು ನಗಿಸಿದವನು ನಾನು. ಈ ಸಲ ಸರದಿ ನನ್ನದೇ.

ಈಚೆಗೆ ಮೊಬೈಲ್ ತೆರೆದರೆ ಫ್ರೀ ಕ್ಯಾಂಪಿಂಗ್ ವಿಡಿಯೊಗಳು. ಬುಕಿಂಗ್ ಇಲ್ಲ, ಬಾಡಿಗೆ ಇಲ್ಲ, ಕಾಡಿನಲ್ಲಿ ಮನಸ್ಸು ಬಂದಲ್ಲಿ ಟೆಂಟ್ ಹಾಕಿ ಮಲಗುವುದು. ಹೊಸದೇನಿದೆ? ನಮ್ಮ ಅತನೂರಿನ ಕುರಿಯವರು ಬಾಳೆಲ್ಲ ಮಾಡಿದ್ದು ಇದನ್ನೇ. (ಟೆಂಟಿನ ಬದಲು ಕಂಬಳಿ.) ಮಳೆಗಾಲದಲ್ಲಿ ಹೊಲಗಳೆಲ್ಲ ಬಿತ್ತಿರುತ್ತವೆ, ಕುರಿ ನಿಲ್ಲಿಸಲು ಜಾಗವಿರುವುದಿಲ್ಲ. ಆಗ ಭೀಮೆ ದಾಟಿ ಯಡ್ರಾಮಿ ಕಡೆಯ ಫಾರೆಸ್ಟ್ ಗುಡ್ಡ ಹಿಡಿಯುತ್ತೇವೆ.

ಹೋದ ಮಳೆಗಾಲದಲ್ಲೂ ಹೋಗಿದ್ದೆವು, ನಾನು ಮತ್ತು ಅಣ್ಣ ಮಾಳಪ್ಪ. ಹುಲ್ಲು ಕಡಿಮೆ. ಒಂದೇ ಕಡೆ ಬೀಡು ಬಿಟ್ಟರೆ ನೆಲ ಬೋಳಾಗುತ್ತದೆ ಅಂತ ಅಣ್ಣ ಹಿಂಡನ್ನು ಎರಡು ಮಾಡಿದ. ಗುಡ್ಡದ ಆ ಬದಿ ಅವನು, ಈ ಬದಿ ನಾನು. ನಡುವೆ ಸಸಿ ನೆಡಲು ತೋಡಿದ್ದ ಉದ್ದನೆಯ, ಆಳದ ಗುಂಡಿಗಳು. ನೆಟ್‌ವರ್ಕ್ ಇಲ್ಲ.

ಅಡವಿಯಲ್ಲಿ ಮಲಗುವವರಿಗೆ ಒಂದು ಕಟ್ಟಳೆ ಇದೆ. ಹೊತ್ತು ಮುಳುಗಿದ ಮೇಲೆ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೇ ಕೂಗಿಗೆ ಓಗೊಡಬೇಕು. ಅದಕ್ಕೂ ಮುಂಚೆ ಬಾಯಿ ಬಿಡಬಾರದು. ದೆವ್ವಕ್ಕೆ ಮೂರನೇ ಸಲ ಕರೆಯಲು ಬರುವುದಿಲ್ಲವಂತೆ. ನಗಬೇಡಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅಡವಿಯ ಪಾಠ ಹೇಳಿಕೊಟ್ಟವನು ಅಣ್ಣ. ಇದೂ ಅವನದೇ ಪಾಠ.

ಅಂದು ರೊಟ್ಟಿ ತಿಂದು ಕಂಬಳಿ ಹೊದ್ದಿದ್ದೆ. ಗಾಳಿ ಇರಲಿಲ್ಲ. ಮೆಲುಕು ಹಾಕುತ್ತಿದ್ದ ಕುರಿಗಳು ಒಮ್ಮೆಲೇ ದವಡೆ ನಿಲ್ಲಿಸಿದವು. ಎಲ್ಲವೂ ತಲೆ ಎತ್ತಿ ಒಂದೇ ದಿಕ್ಕಿಗೆ ನೋಡಿದವು.

“ಬೀರ್ಯಾ...”

ಅಣ್ಣನ ದನಿಯೇ. ಆದರೆ ಅದು ನೆಲದ ಒಳಗಿನಿಂದ ಬರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನನ್ನ ಹೆಸರು. ಈ ಸಲ ಉಸಿರೇ ಹೆಚ್ಚು, ದನಿ ಕಡಿಮೆ. ಮೂರನೆಯದಕ್ಕೆ ಕಾದೆ. ಅದು ಬರಲೇ ಇಲ್ಲ.

ಬದುಕಿದೆ ಅಂದುಕೊಂಡು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡೆ. ಎಳೆದುಕೊಳ್ಳುವ ಮುಂಚೆ, ಆರುತ್ತಿದ್ದ ಕೆಂಡದ ಬೆಳಕಿನಲ್ಲಿ, ಒಂದನ್ನು ನೋಡಿದ್ದೆ. ನಮ್ಮ ನಾಯಿ ಮೋತ್ಯಾ ಕತ್ತಲಿಗೆ ಮುಖ ಮಾಡಿ ನಿಂತಿತ್ತು. ಬೊಗಳಲಿಲ್ಲ. ಬಾಲ ಆಡಿಸುತ್ತಿತ್ತು.

ದೆವ್ವಕ್ಕೆ ಯಾವ ನಾಯಿ ಬಾಲ ಆಡಿಸುತ್ತದೆ, ಹೇಳಿ?

ಬೆಳಕು ಹರಿದಾಗ ಮೋತ್ಯಾ ಒಂದು ಗುಂಡಿಯ ಅಂಚಿನಲ್ಲಿ ಕೂತಿತ್ತು. ಒಳಗೆ ಅಣ್ಣ. ಅವನ ಕಡ್ಡಿಪೆಟ್ಟಿಗೆ ಮಳೆಗೆ ತೊಯ್ದಿತ್ತಂತೆ. ನನ್ನ ಬಳಿ ಬೆಂಕಿ ಕೇಳಲು ಬರುತ್ತಾ ಬಿದ್ದು ಮೊಣಕಾಲು ಮುರಿದುಕೊಂಡಿದ್ದ. ಎರಡು ಸಲ ಕೂಗಿದ್ದು ನೆನಪಿದೆ, ಆಮೇಲೆ ಎಚ್ಚರ ತಪ್ಪಿತು ಅಂದ. ಹೆಗಲ ಮೇಲೆ ಹಾಕಿಕೊಳ್ಳುವಾಗ, ನಿನಗೆ ಕೇಳಿಸಲಿಲ್ಲವೇ ಅಂತ ಕೇಳಿದ. ಗಾಳಿ ಬಹಳ ಇತ್ತು ಅಂದೆ.

ಅವನು ಮತ್ತೆ ಕೇಳಲಿಲ್ಲ.

ಆ ಕಾಲು ಈಗ ಮಡಚುವುದಿಲ್ಲ. ಕುರಿಯ ಹಿಂದೆ ಹೋಗುವುದು ಮುಗಿಯಿತು. ಅಣ್ಣ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಾನೆ. ತಮ್ಮ ಹತ್ತಿರದಲ್ಲೇ ಇದ್ದನಲ್ಲ ಅಂತ ಯಾರಾದರೂ ಕೇಳಿದರೆ, ಅವತ್ತು ಗಾಳಿ ಬಹಳ ಇತ್ತು ಅಂತ ಅವನೇ ಹೇಳುತ್ತಾನೆ. ನನ್ನ ಸುಳ್ಳನ್ನು ಅವನ ಬಾಯಲ್ಲಿ ಕೇಳುವುದಕ್ಕಿಂತ ದೊಡ್ಡ ದೆವ್ವ ಯಾವುದಿದೆ?

ಹೆದರಿದ್ದನ್ನು ನೀವು ಕ್ಷಮಿಸಬಹುದು. ಆದರೆ ಆಡುವ ಬಾಲ ಕಂಡ ಮೇಲೂ ಕಂಬಳಿ ಎಳೆದುಕೊಂಡೆನಲ್ಲ, ಅದು ಬರೀ ಹೆದರಿಕೆಯೇ? ಹಿರಿಯರ ಕಟ್ಟಳೆ ಪಾಲಿಸಿದೆ ಅಂದುಕೊಂಡರೆ ಎಂಥ ನಿದ್ದೆ ಬರುತ್ತದೆ ಗೊತ್ತೇ? (ನನಗೆ ಬಂದಿತ್ತು.)

ಮೊನ್ನೆ ಸಂಜೆ ಕರೆಂಟ್ ಹೋಯಿತು. ನಾನು ಮನೆಯೊಳಗಿದ್ದೆ. ಹೊರಗಿನ ಕತ್ತಲಿನಿಂದ ಅಣ್ಣ ನನ್ನ ಹೆಸರು ಕೂಗಿದ. ನಾಲಿಗೆ ಏಳಲಿಲ್ಲ. ಮತ್ತೆ ಕೂಗಿದ. ಆಗಲೂ ಸುಮ್ಮನಿದ್ದೆ. ಸ್ವಂತ ಮನೆಯಲ್ಲಿ, ಸ್ವಂತ ಅಣ್ಣನ ಮೂರನೇ ಕೂಗಿಗೆ ಕಾಯುತ್ತಿದ್ದೇನೆ ಅಂತ ತಿಳಿದಾಗ ನನಗೆ ನನ್ನದೇ ಭಯವಾಯಿತು.

ಹೊರಗೆ ಬಂದೆ. ಅವನು ತಲೆ ಎತ್ತಲಿಲ್ಲ. ನೂಲು ಸುತ್ತುತ್ತಲೇ ಕೇಳಿದ.

“ಯಾಕಲೇ ತಮ್ಮಾ, ಮನ್ಯಾಗೂ ಗಾಳಿ ಐತೇನು?”

ಅವನ ಕಾಲ ಬಳಿ ಮಲಗಿದ್ದ ಮೋತ್ಯಾ ನನ್ನನ್ನು ಕಂಡು ಬಾಲ ಆಡಿಸಿತು.

“ಗಾಳಿ ಅವತ್ತೂ ಇದ್ದಿಲ್ಲ ಯಣ್ಣಾ,” ಅಂದೆ. “ನನಗ ಎರಡೂ ಸಲ ಕೇಳಿಸಿತ್ತು. ತಪ್ಪಾತು.”