ಬರ್ಫದ ಮೇಲೆ ಎರಡು ಸುತ್ತು

ಸಿಂಧನೂರಿನ ಅಕ್ಕಿ ಮಿಲ್ಲಿನ ಹಿಂದೆ ಭತ್ತ ಒಣಹಾಕುವ ಸಿಮೆಂಟಿನ ಅಂಗಳವಿತ್ತು. ಅವ್ವ ಅಲ್ಲೇ ದುಡಿಯುತ್ತಿದ್ದಳು. ಅಂಗಳ ಖಾಲಿಯಾದಾಗ ನಾನು ಗಾಲಿ ಸ್ಕೇಟು ಕಟ್ಟಿಕೊಂಡು ಸುತ್ತುತ್ತಿದ್ದೆ. ಒಂದು ಕಾಳು ಗಾಲಿಗೆ ಸಿಕ್ಕರೂ ಮುಗ್ಗರಿಸಿ ಬೀಳುವುದೇ. ಹಾಗಾಗಿ ಮೊದಲು ಕಸಬರಿಗೆ, ಆಮೇಲೆ ಆಟ.

ಸ್ಕೇಟು ಕೊಟ್ಟವರು ನಮ್ಮ ಶಾಲೆಯ ಪಿ.ಟಿ. ಮಾಸ್ತರು. ಅವರಿಗೆ ಲಿಂಗಸುಗೂರಿಗೆ ವರ್ಗವಾದ ಮೇಲೆ ನಾನು ಪ್ರತಿ ಭಾನುವಾರ ಮಸ್ಕಿ ಮೇಲೆ ಹೋಗುವ ಬಸ್ಸು ಹತ್ತಿ ಅಲ್ಲಿಗೇ ಹೋಗಿ ಕಲಿಯತೊಡಗಿದೆ. ಅಲ್ಲಿನ ಮಕ್ಕಳ ಜೊತೆ ಸ್ಕೇಟಿನ ಓಟದಲ್ಲಿ ನಾನು ಸದಾ ಎಲ್ಲರಿಗಿಂತ ಹಿಂದೆ. ಒಂದು ದಿನ ಮೂಲೆಯಲ್ಲಿ ಒಂಟಿಕಾಲಲ್ಲಿ ಗಿರ್ರನೆ ತಿರುಗುತ್ತಿದ್ದೆ. ಮಾಸ್ತರು ನಿಂತು ನೋಡಿದರು.

“ನೀ ಓಡಾಕ ಹುಟ್ಟಿಲ್ಲ ಹುಡುಗಿ, ತಿರುಗಾಕ ಹುಟ್ಟೀದಿ. ಬರ್ಫದ ಮ್ಯಾಲ ಹಿಂಗ ಕುಣೀತಾರ. ಅದಕ್ಕ ನ್ಯಾಷನಲ್ ಸ್ಪರ್ಧಾ ಅದಾವ.”

“ನಮ್ಮ ಕಡಿ ಬರ್ಫ ಎಲ್ಲೈತ್ರೀ ಸರ್?”

“ಐಸ್‌ಕ್ರೀಮ್ ಗಾಡ್ಯಾಗ ಐತಿ,” ಎಂದು ನಕ್ಕರು. ಆದರೆ ಮುಂದಿನ ಭಾನುವಾರದಿಂದಲೇ ಜಿಗಿತ ಶುರು ಮಾಡಿಸಿದರು.

ನಾನು ಮಂಜುಗಡ್ಡೆಯ ಆ ಬರ್ಫ ಮೆಟ್ಟಿದ್ದು, ಮಾಸ್ತರು ಹೆಸರು ಕೊಡಿಸಿದ ನನ್ನ ಮೊದಲ ರಾಷ್ಟ್ರೀಯ ಸ್ಪರ್ಧೆಗೆ ಹತ್ತು ದಿನ ಮುಂಚೆ, ಉತ್ತರ ಭಾರತದ ಒಂದು ಊರಿನಲ್ಲಿ. ಗಾಲಿ ಸ್ಕೇಟು ನಿಲ್ಲಿಸಲು ಮುಂದಿನ ರಬ್ಬರು ಊರುವುದು ನನ್ನ ರೂಢಿ. ಇಲ್ಲಿ ಗಾಲಿಯ ಬದಲು ಬ್ಲೇಡು, ಅದರ ಮುಂದಿರುವುದು ಹಲ್ಲು. ಊರಿದ ಕೂಡಲೇ ಬೋರಲು ಬಿದ್ದೆ. ಸ್ಪರ್ಧೆಯಲ್ಲಿ ಕಟ್ಟಕಡೆಯ ಸ್ಥಾನ ನನ್ನದು. ನೀನು ಅಭ್ಯಾಸ ಮಾಡುವುದೆಲ್ಲಿ ಎಂದು ದಿಲ್ಲಿಯ ಒಬ್ಬ ಹುಡುಗಿ ಕೇಳಿದಳು. ಭತ್ತದ ಅಂಗಳದಲ್ಲಿ ಎಂದರೆ ತಮಾಷೆ ಅಂದುಕೊಂಡಳು. ನಾನು ಅಳಲಿಲ್ಲ. ಮುಂದಿನ ಎರಡು ಬೇಸಿಗೆ ಅದೇ ಊರಿನ ಶಿಬಿರದಲ್ಲಿ ಮತ್ತೆ ಮತ್ತೆ ಬಿದ್ದು, ಬೀಳದೆ ಇಳಿಯುವುದನ್ನು ಕಲಿತೆ.

ಮೂರನೇ ಸಲದ ಸ್ಪರ್ಧೆಗೆ ಅವ್ವನೂ ಬಂದಳು. ಅವಳು ಜಿಲ್ಲೆ ದಾಟಿದ್ದು ಅದೇ ಮೊದಲು. ಕಂಬಳಿ ಹೊದ್ದು ಮಾಸ್ತರ ಪಕ್ಕ ಕೂತಿದ್ದಳು. ನಾನು ಬರ್ಫದ ನಡುವೆ ಹೋಗಿ ನಿಂತೆ. ಇಡೀ ಕ್ರೀಡಾಂಗಣ ಗಪ್ಪಾಯಿತು. ನಾನು ಕೈ ಎತ್ತಿ ಸಂಗೀತಕ್ಕೆ ಕಾದೆ. ಆಗ ಅವ್ವ ಹೊಲದಾಚೆಗೆ ಕೂಗುವ ದನಿಯಲ್ಲಿ ಕೂಗಿದಳು:

“ಯವ್ವಾ, ಹೆದರಬ್ಯಾಡ! ನಾ ಇಲ್ಲೇ ಅದೀನಿ!”

ಜನ ನಕ್ಕರು. ನನಗೂ ನಗು ಬಂತು. ಸಂಗೀತ ಶುರುವಾದಾಗ ಇನ್ನೂ ನಗುತ್ತಲೇ ಇದ್ದೆ.

ಗಾಳಿಯಲ್ಲೇ ಎರಡು ಸುತ್ತು ತಿರುಗಿ ಇಳಿಯುವ ಜಿಗಿತದಲ್ಲಿ ಕೈ ಬರ್ಫಕ್ಕೆ ತಾಗಿತು. ಹೋಯಿತು ಅಂದುಕೊಂಡೆ. ಕೊನೆಯಲ್ಲಿ ನಾನೂ ಮಾಸ್ತರೂ ಒಂದು ಸುಲಭದ ಜಿಗಿತ ಇಟ್ಟುಕೊಂಡಿದ್ದೆವು. ಅದನ್ನು ಬಿಟ್ಟು, ಯಾರನ್ನೂ ಕೇಳದೆ, ಮತ್ತೊಂದು ಎರಡು ಸುತ್ತಿನದಕ್ಕೇ ಹಾರಿದೆ. ಬ್ಲೇಡು ಒಂದೇ ಗೆರೆ ಎಳೆದು ಇಳಿಯಿತು. ಮಾಸ್ತರು ಕುರ್ಚಿ ಬಿಟ್ಟು ಎದ್ದಿದ್ದು ತಿರುಗುವಾಗಲೇ ಕಂಡಿತು.

ಅಂಕಗಳು ಪರದೆಯ ಮೇಲೆ ಬಂದವು. ಅವ್ವನಿಗೆ ಓದು ಬಾರದು.

“ಎಷ್ಟನೇದು ಬಂದೀ?”

“ಮೊದಲನೇದು ಬೇ.”

“ಮ್ಯಾಲ ಯಾರೂ ಇಲ್ಲೇನು?”

“ಯಾರೂ ಇಲ್ಲ.”

ಅವ್ವ ಮಾಸ್ತರ ಕಡೆ ತಿರುಗಿದಳು. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಗ ಅವಳಿಗೆ ನಂಬಿಕೆ ಬಂತು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ನಕ್ಕಳು. ಆ ಪಟ್ಟವನ್ನು ನಾನು ಇನ್ನೂ ಮೂರು ವರ್ಷ ಬಿಟ್ಟುಕೊಡಲಿಲ್ಲ. ಪ್ರತಿ ಸಲವೂ ಅವ್ವ ಬಂದಳು, ಪ್ರತಿ ಸಲವೂ ಕೂಗಿದಳು.