ಮೈದಾ ತೊಳೆದು ಮನೆಯೊಳಗೆ ಬರುವ ಭಟ್ಟಿಯಣ್ಣ

ಭಾನುವಾರ ಬೆಳಗಿನ ಐದೂವರೆ. ಭಟ್ಟಿಯಣ್ಣನಿಗೆ ಅವರದೇ ಮನೆಯ ಬಾಗಿಲು ಇನ್ನೂ ತೆರೆದಿಲ್ಲ.

ರಾತ್ರಿಯಿಡೀ ಬೇಕರಿಯಲ್ಲಿ ಬ್ರೆಡ್ಡು, ಬನ್ನು ಬೇಯಿಸಿ ಬಂದ ಮೈ. ಹುಬ್ಬಿನಲ್ಲಿ, ಕಿವಿಯ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಮೈದಾ. ಬೇಕರಿಯ ಬಟ್ಟೆಯನ್ನು ಮುಚ್ಚಳವಿರುವ ಬಕೆಟ್ಟಿಗೆ ಹಾಕಿ, ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡ ಮೇಲೆಯೇ ಹೆಂಡತಿ ಚಿಲಕ ತೆಗೆಯುವುದು.

“ಕಿವಿ ಹಿಂದೆ ತೊಳ್ಕೊಂಡ್ರಾ?”

“ತೊಳ್ಕೊಂಡೆ.”

“ಎಲ್ಲಿ, ಬಗ್ಗಿ.”

ಆರಡಿ ಎತ್ತರದ ಮನುಷ್ಯ ಹೊಸ್ತಿಲ ಆಚೆಯೇ ನಿಂತು ತಲೆ ಬಗ್ಗಿಸುತ್ತಾರೆ. ಆಕೆ ಕಿವಿ ಹಿಡಿದು ನೋಡಿ ದಾರಿ ಬಿಡುತ್ತಾರೆ.

ಬೇಕರಿಯ ಭಟ್ಟಿಯ, ಅಂದರೆ ದೊಡ್ಡ ಒಲೆಯ, ಮುಂದೆ ಇವರು ಅರ್ಧ ಆಯುಷ್ಯ ಕಳೆದಿದ್ದಾರೆ. ಭಟ್ಟಿಯಣ್ಣ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಬಡಾವಣೆಯ ಬೆಳಗಿನ ಬ್ರೆಡ್ಡು ಇವರ ಕೈಯದು. ಅಂಗಡಿಯ ಮುಂಭಾಗಕ್ಕೆ ಬರುವವರಲ್ಲ, ಹಾಗಾಗಿ ತಿನ್ನುವವರಿಗೆ ಇವರ ಮುಖ ಗೊತ್ತಿಲ್ಲ. ಆದರೆ ಇವರ ಸ್ವಂತ ಮೊಮ್ಮಗಳು ಆ ಬ್ರೆಡ್ಡಿನ ಒಂದು ಚೂರನ್ನೂ ಬಾಯಿಗಿಡುವಂತಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಅವಳ ಕರುಳಿಗೆ ಆಗುವುದಿಲ್ಲ. ಮೈದಾ ಕೂಡ ಗೋಧಿಯದ್ದೇ. ಚಿಟಿಕೆಯಷ್ಟು ಸಾಕು ಕೆಡಲು, ಎಂದಿದ್ದಾರೆ ಡಾಕ್ಟರು.

ಇವತ್ತು ಅವಳಿಗೆ ಏಳು ತುಂಬುತ್ತದೆ. ತಾತ ಕೇಕ್ ಮಾಡಲು ಹೊರಟಿದ್ದಾರೆ.

ಕಳೆದ ವರ್ಷವೂ ಮಾಡಿದ್ದರು. ಅಕ್ಕಿಹಿಟ್ಟು, ಬಾದಾಮಿ ಪುಡಿ, ಹೊಸ ಬೋಗುಣಿ, ಹೊಸ ಸೌಟು, ಎಲ್ಲ ಸರಿಯಾಗಿತ್ತು. ಒಣದ್ರಾಕ್ಷಿ, ಚೆರ್ರಿ ಹಾಕುವ ಹೊತ್ತಿಗೆ ಎಡವಟ್ಟಾಯಿತು. ಹಣ್ಣು ತಳಕ್ಕೆ ಇಳಿಯದಿರಲೆಂದು ಅದನ್ನು ಮೊದಲು ಸ್ವಲ್ಪ ಮೈದಾದಲ್ಲಿ ಹೊರಳಿಸುವುದು ಬೇಕರಿಯವರ ರೂಢಿ. ಕೈ ಕಪಾಟಿನ ಮೈದಾ ಡಬ್ಬಕ್ಕೆ ಹೋಯಿತು.

“ಮಾತಾಡ್ತಾ ಮಾತಾಡ್ತಾ ಹೊರಳಿಸಿಬಿಟ್ಟೆ. ಹಾಕಿದ್ದೂ ಗೊತ್ತಾಗ್ಲಿಲ್ಲ,” ಎನ್ನುತ್ತಾರೆ ಭಟ್ಟಿಯಣ್ಣ. “ರೆಪ್ಪೆ ಬಡಿಯೋಕೆ ಯಾರಾದ್ರೂ ಯೋಚ್ನೆ ಮಾಡ್ತಾರಾ? ಹಾಗೆ.”

ಅಂದು ಸಂಜೆ ಮಗು ವಾಂತಿ ಮಾಡಿ ಮಾಡಿ ಸುಸ್ತಾಗಿ ಆಸ್ಪತ್ರೆ ಸೇರಿತು. ಏನು ಹೆಚ್ಚುಕಮ್ಮಿ ಆಯಿತೆಂದು ಯಾರಿಗೂ ತಿಳಿಯಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ಮಾಡಿದ್ದನ್ನೆಲ್ಲ ಮನಸ್ಸಿನಲ್ಲೇ ಮೊದಲಿಂದ ಮಾಡುತ್ತ ಬಂದ ಭಟ್ಟಿಯಣ್ಣನಿಗೆ ದ್ರಾಕ್ಷಿಯ ಹತ್ತಿರ ಬಂದಾಗ ಹೊಳೆಯಿತು. ಎದ್ದು ಹೋಗಿ ಮಗಳಿಗೆ ಹೇಳಿದರು. ಆಕೆ ಕೂಗಾಡಲಿಲ್ಲ.

“ಅಪ್ಪಾ, ನಿನ್ನ ಕೈಯಲ್ಲೇ ಮೈದಾ ಇದೆ. ಇನ್ಮೇಲೆ ಇವಳಿಗೆ ನೀನು ಏನೂ ಮಾಡ್ಬೇಡ,” ಎಂದಳು.

ಮಗಳು ಮನೆಗೆ ಬರುವುದು ನಿಲ್ಲಲಿಲ್ಲ. ಮೊಮ್ಮಗಳ ಊಟದ ಡಬ್ಬ ಮಾತ್ರ ಅವಳ ಜೊತೆಯೇ ಬರುತ್ತದೆ, ಜೊತೆಯೇ ಹೋಗುತ್ತದೆ.

ಅಂದಿನಿಂದ ಈ ಮನೆಗೆ ಗೋಧಿ ಬಂದಿಲ್ಲ. ಬೇಕಿಂಗ್ ಪೌಡರಿನ ಪೊಟ್ಟಣವನ್ನೂ ಹಿಂದೆ ಮುಂದೆ ಓದಿಯೇ ತರುತ್ತಾರೆ, ಕೆಲವುಗಳಲ್ಲಿ ಗೋಧಿ ಪಿಷ್ಟ ಬೆರೆಸಿರುತ್ತದಂತೆ. ಬೇಕರಿಯ ಒಲೆಯಲ್ಲಿ ಬೇಯಿಸೋಣವೆಂದರೆ ಅಲ್ಲಿ ಗಾಳಿಯಲ್ಲೂ ಮೈದಾ. ಉಳಿದದ್ದು ಅಡುಗೆಮನೆಯ ಮೂಲೆಯ ಮೈಕ್ರೋವೇವ್.

“ರೂಮಿನಷ್ಟು ದೊಡ್ಡ ಒಲೆ ಆಳಿದೋರು, ಈಗ ಈ ಪೆಟ್ಟಿಗೆ ಮುಂದೆ ಕೈಕಟ್ಟಿ ನಿಂತ್ಕೋತಾರೆ,” ಎಂದು ಹೆಂಡತಿ ಕಾಲೆಳೆಯುತ್ತಾರೆ. “ಮೊದಲ ದಿನ ತಗಡಿನ ಅಚ್ಚು ಇಟ್ಟು ಒಳಗೆ ಮಿಂಚು ಹೊಡೆಸಿದ್ರು.”

“ಅಚ್ಚು ಬಿಟ್ಟು ಬೇರೇದ್ರಲ್ಲಿ ಕೇಕ್ ಮಾಡಿ ಅಭ್ಯಾಸ ಇರ್ಲಿಲ್ಲಪ್ಪ.”

ಈಗ ಗಾಜಿನ ಎತ್ತರದ ಬೋಗುಣಿ. ಅರ್ಧಕ್ಕಿಂತ ಹೆಚ್ಚು ಹಿಟ್ಟು ತುಂಬಿದರೆ ಉಕ್ಕಿ ಹೊರಗೆ ಬರುತ್ತದೆ. ಮೈಕ್ರೋವೇವಿನಲ್ಲಿ ಕೇಕ್ ಕೆಂಪಗಾಗದು, ಬಣ್ಣಕ್ಕೆ ಸಕ್ಕರೆ ಕರಗಿಸಿ ಕಂದು ಪಾಕ ಮಾಡಿ ಸೇರಿಸಬೇಕು. ಮೇಲೆ ಇನ್ನೂ ಸ್ವಲ್ಪ ಹಸಿ ಕಾಣುವಾಗಲೇ ಹೊರಗೆ ತೆಗೆದು ಮುಚ್ಚಿಡಬೇಕು, ಒಳಗಿನ ಬಿಸಿಗೇ ಉಳಿದದ್ದು ಬೇಯುತ್ತದೆ. ಕೊಂಚ ತಡವಾದರೂ ಇಟ್ಟಿಗೆ. ಇಷ್ಟು ಕಲಿಯಲು ಹಲವು ಕೇಕುಗಳು ಕಸದ ಬುಟ್ಟಿಗೆ ಹೋದವು. ಈಗ ಅಕ್ಕಪಕ್ಕದ ಬೀದಿಗಳಲ್ಲಿ ಗೋಧಿ ಒಗ್ಗದ ನಾಲ್ಕಾರು ಮನೆಯವರು ವಾರ ವಾರ ಇವರಿಂದ ಕೇಕ್ ಒಯ್ಯುತ್ತಾರೆ. ಯಾರಿಂದಲೂ ದೂರು ಬಂದಿಲ್ಲ.

ಮಗಳು ಒಪ್ಪಿಲ್ಲ. “ಬಂದು ನೋಡ್ತೀನಿ,” ಎಂದಿದ್ದಾಳೆ, ಅಷ್ಟೇ.

“ದೊಡ್ಡ ಆಸೆ ಏನಿಲ್ಲ,” ಎನ್ನುತ್ತಾರೆ ಭಟ್ಟಿಯಣ್ಣ. “ಆ ಮಗೂ ನಾನೂ ಒಂದೇ ತಟ್ಟೆಯಿಂದ ತಿನ್ಬೇಕು.”

ಮೊಟ್ಟೆ ಒಡೆಯುವುದರೊಂದಿಗೆ ಕೆಲಸ ಶುರುವಾಗುತ್ತದೆ. ಕಳೆದ ವರ್ಷದ ಬಳಿಕ ಗಂಡ ಹೆಂಡತಿ ಮಾಡಿಕೊಂಡ ಕಟ್ಟುಪಾಡು ಒಂದಿದೆ. ಯಾವ ಡಬ್ಬ ಮುಟ್ಟಿದರೂ ಅವರು ಅದರ ಹೆಸರು ಹೇಳಬೇಕು. ಆಕೆ ನೋಡಿ ‘ಹೂಂ’ ಅನ್ನಬೇಕು. ಆಮೇಲಷ್ಟೇ ಅದು ಬೋಗುಣಿಗೆ.

“ಬಾದಾಮಿ ಪುಡಿ.”

“ಹೂಂ.”

“ಬೇಕಿಂಗ್ ಪೌಡರ್.”

“ಹೂಂ.”

ಹಿಂದಿನ ದಿನವೇ ಕಿತ್ತಳೆ ರಸದಲ್ಲಿ ನೆನೆಸಿಟ್ಟ ದ್ರಾಕ್ಷಿ, ಚೆರ್ರಿಯನ್ನು ಬಸಿದು ಬಟ್ಟೆಯ ಮೇಲೆ ಹರಡುವಾಗ ಮಗಳು, ಮೊಮ್ಮಗಳು ಬರುತ್ತಾರೆ. ಮೊಮ್ಮಗಳು ಮೈಕ್ರೋವೇವಿನ ಗಾಜಿಗೆ ಮೂಗು ಒತ್ತಿ, “ಇನ್ನೂ ಇಟ್ಟೇ ಇಲ್ವಾ ತಾತ? ನೀನು ತುಂಬಾ ಸ್ಲೋ,” ಎನ್ನುತ್ತಾಳೆ. ಊಟದ ಡಬ್ಬ ಅವಳ ಬೆನ್ನಚೀಲದಲ್ಲಿದೆ. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ಅಪ್ಪನ ಕೈಯನ್ನೇ ನೋಡುತ್ತಾಳೆ.

ಭಟ್ಟಿಯಣ್ಣನ ಕೈ ಕಪಾಟಿನತ್ತ ಹೋಗಿ, ನಡುವೆಯೇ ನಿಲ್ಲುತ್ತದೆ. ಡಬ್ಬ ಇಳಿಸಿ, ಮುಚ್ಚಳ ತೆಗೆದು, ಎಲ್ಲರಿಗೂ ಕಾಣುವಂತೆ ಮುಂದಕ್ಕೆ ಹಿಡಿಯುತ್ತಾರೆ.

“ಅಕ್ಕಿಹಿಟ್ಟು.”

‘ಹೂಂ’ ಅನ್ನಲು ಬಾಯಿ ತೆರೆದ ಹೆಂಡತಿ ಮಗಳ ಕಡೆ ನೋಡುತ್ತಾರೆ. ಮಗಳು ಹತ್ತಿರ ಬಂದು ಒಂದು ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜುತ್ತಾಳೆ, ನಾಲಿಗೆಗೆ ಹಾಕಿಕೊಳ್ಳುತ್ತಾಳೆ. ಆಮೇಲೆ ಅಪ್ಪನ ಕೈ ಹಿಡಿದು ತಿರುಗಿಸಿ ಉಗುರುಗಳನ್ನು ಒಂದೊಂದಾಗಿ ನೋಡುತ್ತಾಳೆ.

“ಹೂಂ,” ಎನ್ನುತ್ತಾಳೆ.

ಭಟ್ಟಿಯಣ್ಣ ಹಣ್ಣನ್ನು ಆ ಅಕ್ಕಿಹಿಟ್ಟಿನಲ್ಲಿ ಹೊರಳಿಸುತ್ತಾರೆ.

ಮೊಮ್ಮಗಳು ಅಂದು ತಾತನ ತಟ್ಟೆಯಿಂದ ಎರಡು ತುಂಡು ತಿಂದಳು. ಸೋಮವಾರ ಎಂದಿನ ಹೊತ್ತಿಗೆ ಎದ್ದು, ಮೂರನೆಯದನ್ನು ಡಬ್ಬಕ್ಕೆ ಹಾಕಿಸಿಕೊಂಡು ಶಾಲೆಗೆ ಹೋದಳು.