ಹದಿನಾಲ್ಕನೆಯ ಕುಳಿಯಲ್ಲಿ ತಲೆ ಬಗ್ಗಿಸಿದವಳು

ಸುಮಿಯೆಯ ಗಂಡ ಮಿತ್ಸುಗು ಸತ್ತು ಮೂವತ್ತು ದಿನ ಕೂಡ ಆಗಿರಲಿಲ್ಲ, ಗಾಲ್ಫ್ ಕ್ಲಬ್ಬಿನ ಮ್ಯಾನೇಜರ್ ಉಚಿಕಾವಾ ಅವಳ ಮನೆಗೆ ಬಂದ. ಕೈಯಲ್ಲಿ ಮರಸೇಬು ಹಣ್ಣಿನ ಪೆಟ್ಟಿಗೆ, ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ. ಬುದ್ಧನ ಗೂಡಿನ ಮುಂದೆ ಮಂಡಿಯೂರಿ ಊದುಬತ್ತಿ ಹಚ್ಚಿದ, ಪುಟ್ಟ ಗಂಟೆ ಬಾರಿಸಿದ, ಮಿತ್ಸುಗುವಿನ ಪಟಕ್ಕೆ ಕೈಮುಗಿದ. ಒಂದು ನಿಮಿಷದಲ್ಲಿ ಎಲ್ಲ ಮುಗಿಯಿತು. ಬತ್ತಿಯ ತುದಿ ಇನ್ನೂ ಸರಿಯಾಗಿ ಹೊತ್ತಿಕೊಂಡಿರಲಿಲ್ಲ, ಅವನು ಕಾಗದ ಬಿಚ್ಚಿ ಚಾಪೆಯ ಮೇಲೆ ಹರಡಿದ.

ಮೂವತ್ತೆಂಟು ವರ್ಷದ ಹಿಂದಿನ ಪತ್ರಿಕೆಯ ಚಿತ್ರ. ಬಾಗಿಲಿನಷ್ಟು ದೊಡ್ಡದು ಮಾಡಿಸಿದ್ದ. ಮಳೆ ಬೀಳುತ್ತಿದೆ. ಬಿಳಿ ಟೋಪಿಯ, ಆಟಗಾರರ ಚೀಲ ಹೊರುವ ಕ್ಯಾಡಿ ಹುಡುಗಿಯೊಬ್ಬಳು ಸೊಂಟ ಮುರಿದವಳ ಹಾಗೆ ಬಾಗಿ ನಿಂತಿದ್ದಾಳೆ. ಪಕ್ಕದಲ್ಲಿ ಮಿತ್ಸುಗು. ಮುಖ ಎತ್ತಲೋ ತಿರುಗಿಸಿದ್ದಾನೆ. ಬಲಗೈ ಜೇಬಿನಲ್ಲಿದೆ.

"ಕ್ಲಬ್ಬಿಗೆ ಐವತ್ತು ವರ್ಷ ತುಂಬ್ತಿದೆ, ಸುಮಿಯೆ ಸಾನ್," ಎಂದ ಉಚಿಕಾವಾ. "ಹದಿನಾಲ್ಕನೇ ಕುಳಿ ಹತ್ರ ಇದನ್ನ ಬೋರ್ಡ್ ಮಾಡಿ ನಿಲ್ಲಿಸ್ತೀವಿ."

"ಯಾಕೆ?"

"ಯಾಕೆ ಅಂದ್ರೆ... ನಮ್ಮ ಕ್ಲಬ್ ಅಂದ್ರೆ ಜನಕ್ಕೆ ನೆನಪಿರೋದು ಇದೊಂದೇ ಅಲ್ವಾ. ಇಲ್ಲಿ ಗೆದ್ದವರ ಹೆಸರು ಯಾರಿಗೆ ಬೇಕು? ಐವತ್ತರ ಹಬ್ಬದ ದಿನ ಸದಸ್ಯರಿಗೆಲ್ಲ ಒಂದು ಪಂದ್ಯ ಇಟ್ಟಿದ್ದೀವಿ. ಬೇಕಂತಲೇ ತಪ್ಪು ಗ್ರೀನಿಗೆ ಹೊಡೀಬೇಕು. ಯಾರ ಚೆಂಡು ಮಿತ್ಸುಗು ಸಾನ್ ಚೆಂಡು ಬಿದ್ದ ಜಾಗಕ್ಕೆ ಹತ್ರ ಬೀಳುತ್ತೋ ಅವರಿಗೆ ಹಂದಿತೊಡೆ ಬಹುಮಾನ."

ಸುಮಿಯೆ ಹಣ್ಣಿನ ಪೆಟ್ಟಿಗೆಯನ್ನು ಗೂಡಿನ ಪಕ್ಕಕ್ಕೆ ಸರಿಸಿದಳು.

"ನೀವೇನೂ ಮಾಡ್ಬೇಕಿಲ್ಲ. ಹಳೇ ಬಿಳಿ ಟೋಪಿ ಹಾಕ್ಕೊಂಡು ಬಂದು ಎಲ್ರ ಮುಂದೆ ಒಂದ್ಸಲ ಬಗ್ಗಿದ್ರೆ ಸಾಕು. ಇದೇ ತರ. ತಮಾಷೆಯಾಗಿರುತ್ತೆ. ಮಿತ್ಸುಗು ಸಾನ್ ಆತ್ಮಕ್ಕೂ ಸಂತೋಷ ಆಗುತ್ತೆ."

ಅವಳು ಕಾಗದವನ್ನು ಮತ್ತೆ ಸುರುಳಿ ಸುತ್ತಿ ಗೋಡೆಗೆ ಒರಗಿಸಿದಳು. ಆದರೂ "ಯೋಚನೆ ಮಾಡ್ತೀನಿ" ಎಂದಳು. ಇಪ್ಪತ್ತೈದು ವರ್ಷ ಅದೇ ಕ್ಲಬ್ಬಿನ ಅನ್ನ ತಿಂದವಳು. ಥಟ್ಟನೆ ಇಲ್ಲ ಅನ್ನುವುದು ನಾಲಿಗೆಗೆ ಅಭ್ಯಾಸವಿರಲಿಲ್ಲ.

ಆ ಕ್ಲಬ್ಬಿನ ನಾಲ್ಕನೆಯ ಕುಳಿ ಇರುವುದು ಅವಳ ಅಪ್ಪನ ಶೇಂಗಾ ಹೊಲದಲ್ಲಿ. ಜಪಾನಿನ ಚಿಬಾ ಸೀಮೆಯ ಗುಡ್ಡಗಳನ್ನೆಲ್ಲ ಕಡಿದು ಸಾಹೇಬರುಗಳ ಆಟಕ್ಕೆ ಹುಲ್ಲು ಹಾಸಿದ ಕಾಲ ಅದು. ಹೊಲ ಕೊಟ್ಟ ಮನೆಗಳ ಹೆಣ್ಣುಮಕ್ಕಳಿಗೆ ಕ್ಯಾಡಿ ಕೆಲಸ ಕೊಡುತ್ತೇವೆಂದು ಕ್ಲಬ್ಬಿನವರು ಮಾತು ಕೊಟ್ಟಿದ್ದರು. ಆ ಒಂದು ಮಾತು ನಡೆಸಿದರು. ಹತ್ತೊಂಬತ್ತಕ್ಕೆ ಸುಮಿಯೆ ಬಿಳಿ ಟೋಪಿ ಹಾಕಿ, ಸೊಂಟಕ್ಕೆ ಮರಳಿನ ಚೀಲ ಕಟ್ಟಿ, ತಮ್ಮ ಹೊಲದಲ್ಲೇ ಪರರ ಕೋಲುಗಳನ್ನು ಹೊತ್ತು ನಡೆದಳು. ಅವರು ಕಿತ್ತ ಹುಲ್ಲಿನ ಗಾಯಕ್ಕೆ ಮರಳು ತುಂಬಿದಳು. ಅವರು ಎಂಜಲು ಹಚ್ಚಿ ಉಜ್ಜಿದ ಚೆಂಡನ್ನು ತನ್ನ ಟವೆಲಿನಿಂದ ಒರೆಸಿದಳು. ಮಧ್ಯಾಹ್ನದ ಊಟಕ್ಕೆ ಬಿಯರು ಕುಡಿದು ಬಂದ ಕಂಪನಿ ದೊರೆಗಳು ಪೈನ್ ಮರದ ಹಿಂದೆ ನಿಂತು ಉಚ್ಚೆ ಹೊಯ್ಯುವಾಗ ಬೇರೆ ಕಡೆ ನೋಡಿದಳು. ಅವರ ಕೈ ಅವಳ ಬೆನ್ನಿನ ಮೇಲೆ ಸರಿದಾಡಿದಾಗಲೂ ಬೇರೆ ಕಡೆ ನೋಡಿದಳು.

ವರ್ಷಕ್ಕೊಮ್ಮೆ ಅಕ್ಟೋಬರದಲ್ಲಿ ವೃತ್ತಿ ಆಟಗಾರರ ಪಂದ್ಯ. ಒಂದು ಶಾವಿಗೆ ಕಂಪನಿ ಅದನ್ನು ನಡೆಸುತ್ತಿತ್ತು. ಟೀವಿಯವರು ಬರುತ್ತಿದ್ದರು. ಆಗೆಲ್ಲ ಆಟಗಾರರು ತಮ್ಮ ಕ್ಯಾಡಿಗಳನ್ನು ಕರೆತರುತ್ತಿರಲಿಲ್ಲ. ಕ್ಲಬ್ಬಿನ ಹೆಂಗಸರೇ ಚೀಟಿ ಎತ್ತಿ ಹಂಚಿಕೊಳ್ಳುತ್ತಿದ್ದರು. ಆ ವರ್ಷ ಸುಮಿಯೆಗೆ ಸಿಕ್ಕವನು ಮಿತ್ಸುಗು. ಅವನು ಕ್ಲಬ್ಬಿನ ಮನೆಮಗನಿದ್ದ ಹಾಗೆ. ಮೀನುಗಾರನ ಮಗ. ಹದಿನಾರಕ್ಕೆ ಬಂದು ಕ್ಲಬ್ಬಿನ ಅಟ್ಟದಲ್ಲಿ ಮಲಗಿ, ಬೆಳಗ್ಗೆ ಚೆಂಡು ಆಯ್ದು, ಸಂಜೆ ಕೋಲು ಬೀಸಿ, ಆರು ಸಲ ಪರೀಕ್ಷೆಯಲ್ಲಿ ಬಿದ್ದು, ಏಳನೆಯ ಸಲಕ್ಕೆ ವೃತ್ತಿ ಆಟಗಾರನಾದವನು. ದೊಡ್ಡ ಪಂದ್ಯ ಒಂದನ್ನೂ ಗೆದ್ದಿರಲಿಲ್ಲ. ಆ ಸಲ ಮೂರು ದಿನದ ಆಟ ಮುಗಿದಾಗ ಎಲ್ಲರಿಗಿಂತ ಮುಂದಿದ್ದ.

ಆ ಕ್ಲಬ್ಬಿನಲ್ಲಿ ಪ್ರತಿ ಕುಳಿಗೂ ಎರಡು ಗ್ರೀನು, ಅಂದರೆ ಚೆಂಡು ಬೀಳಿಸುವ ತೂತು ಇರುವ ನುಣುಪು ಹುಲ್ಲಿನ ಅಂಗಳ. ಬಲಗಡೆಯದು ಒಂದು ಜಾತಿ ಹುಲ್ಲಿನದು, ಎಡಗಡೆಯದು ಇನ್ನೊಂದು ಜಾತಿಯದು. ಒಂದು ಬಾಡುವ ಕಾಲಕ್ಕೆ ಇನ್ನೊಂದು ಹಸಿರು. ಬಾವುಟ ಯಾವುದರಲ್ಲಿದೆಯೋ ಅದಕ್ಕೆ ಹೊಡೆಯಬೇಕು. ಮೂರು ದಿನವೂ ಬಲಗಡೆಯ ಗ್ರೀನುಗಳಲ್ಲೇ ಆಟ ನಡೆದಿತ್ತು. ಕೊನೆಯ ದಿನದ ಮುಂಚಿನ ರಾತ್ರಿ ಜೋರು ಮಳೆ. ಹದಿನಾಲ್ಕನೆಯ ಕುಳಿಯ ಬಲ ಗ್ರೀನಿನಲ್ಲಿ ನೀರು ನಿಂತಿತು. ಅದೊಂದರ ಬಾವುಟವನ್ನು ಎಡಕ್ಕೆ ನೆಟ್ಟರು. ಬೆಳಗ್ಗೆ ಕ್ಯಾಡಿಗಳ ಹಾಜರಿಯಲ್ಲಿ ಅದನ್ನು ಹೇಳಿದರು. ಸುಮಿಯೆ ಹಾಜರಿಯಲ್ಲಿರಲಿಲ್ಲ. ಕ್ಲಬ್ಬಿನ ಅಧ್ಯಕ್ಷರ ಅತಿಥಿಗಳು ಕಾರಿನಿಂದ ಇಳಿಯುವಾಗ ಕೊಡೆ ಹಿಡಿಯಲು ಕ್ಯಾಡಿಗಳ ಮೇಸ್ತ್ರಿ ಓವಾದಾ ಅವಳನ್ನು ಗೇಟಿಗೆ ಕಳಿಸಿದ್ದ. ಅವಳು ಅಲ್ಲಿಂದ ನೇರ ಮೊದಲನೆಯ ಕುಳಿಗೆ ಓಡಿದಳು.

ಹದಿನಾಲ್ಕರಲ್ಲಿ ಮಂಜು. ಏರಿನ ಕೆಳಗೆ ನಿಂತರೆ ಬಾವುಟ ಕಾಣದು. ಒಟ್ಟಿಗೆ ಆಡುತ್ತಿದ್ದ ಮೂವರಲ್ಲಿ ಮೊದಲು ಹೊಡೆಯುವ ಸರದಿ ಮಿತ್ಸುಗುವಿನದು.

"ಎಷ್ಟು?" ಎಂದು ಕೇಳಿದ.

"ನೂರಾ ಐವತ್ತೈದು ಗಜ. ಬಲಗಡೆ ಪೈನ್ ಮರದ ತುದಿ ನೋಡ್ಕೊಂಡು," ಎಂದಳು.

ಉಳಿದಿಬ್ಬರು ಆಟಗಾರರಿಗೆ ಗೊತ್ತಿತ್ತು. ಅವರು ಬಾಯಿ ಬಿಡಲಿಲ್ಲ, ಮುಂದಿರುವವನಿಗೆ ದಾರಿ ತೋರಿಸುವುದು ಅವರ ಕೆಲಸವಲ್ಲ. ಮಿತ್ಸುಗು ಹೊಡೆದ. ಅವನ ಜೀವಮಾನದಲ್ಲೇ ಅಷ್ಟು ಚೆಂದದ ಹೊಡೆತ ಇನ್ನೊಂದಿರಲಿಲ್ಲ. ಹೋಗಿ ನೋಡಿದರೆ ಚೆಂಡು ಬಾವುಟವಿಲ್ಲದ ಗ್ರೀನಿನ ನಟ್ಟನಡುವೆ ನೀರಿನಲ್ಲಿ ಕೂತಿತ್ತು. ಎತ್ತಿ ಬದಿಗೆ ಹಾಕಿ, ನಡುವಿನ ಮರಳುಗುಂಡಿ ದಾಟಿಸುವಷ್ಟರಲ್ಲಿ ಎರಡು ಹೊಡೆತ ಹೆಚ್ಚಾಯಿತು. ಪಂದ್ಯ ಒಂದು ಹೊಡೆತದಿಂದ ಹೋಯಿತು.

ಸಂಜೆ ಅವಳನ್ನು ಆ ಕುಳಿಯ ಹತ್ತಿರವೇ ಕ್ಯಾಮೆರಾಗಳ ಮುಂದೆ ನಿಲ್ಲಿಸಿ ತಲೆ ಬಗ್ಗಿಸು ಎಂದರು. ಬಗ್ಗಿಸಿದಳು. ಎತ್ತು ಎಂದು ಯಾರೂ ಹೇಳಲಿಲ್ಲ. ತುಂಬ ಹೊತ್ತು ಹಾಗೇ ಇದ್ದಳು.

ಮುಂದಿನ ವರ್ಷ ಮಿತ್ಸುಗು ಅವಳನ್ನು ಮದುವೆಯಾದ. ಊರಿಗೆ ಊರೇ ಬೆರಗಾಯಿತು. "ಎಡ ಬಲ ಗೊತ್ತಿಲ್ಲದವಳನ್ನ ಕಟ್ಕೊಂಡ, ದೇವರಂಥ ಮನುಷ್ಯ" ಎಂದರು. ಅವಳೂ ಹಾಗೇ ಅಂದುಕೊಂಡಳು. ಒಮ್ಮೆ, ಒಂದೇ ಒಂದು ಸಲ, ಮದುವೆಯಾದ ಹೊಸತರಲ್ಲಿ ಕೇಳಿದ್ದಳು.

"ಅವತ್ತು ನಿಮಗೂ ಯಾರೂ ಹೇಳಿರ್ಲಿಲ್ವಾ?"

"ಇಲ್ಲ."

ಅಷ್ಟೇ. ಮತ್ತೆ ಕೇಳಲಿಲ್ಲ.

ಮಿತ್ಸುಗು ಮತ್ತೆಂದೂ ಮುಂದೆ ಬರಲಿಲ್ಲ. ಅಧ್ಯಕ್ಷರು ಅವನಿಗೆ ಕ್ಲಬ್ಬಿನ ಶಿಕ್ಷಕನ ಕೆಲಸ ಕೊಟ್ಟರು, ಸಾಯುವ ತನಕ. ಶಾವಿಗೆ ಕಂಪನಿ ಕೈ ಎತ್ತಿತು, ಪಂದ್ಯ ನಿಂತಿತು. ಟೀವಿಯವರು ಹೆಣ್ಣುಮಕ್ಕಳ ಪಂದ್ಯಗಳ ಹಿಂದೆ ಹೋದರು. ಆ ಒಂದು ಹೊಡೆತದ ಕತೆ ಮಾತ್ರ ನಿಲ್ಲಲಿಲ್ಲ. ಸುಮಿಯೆ ಯಾರ ಚೀಲ ಹೊತ್ತರೂ ಅವರು ಒಮ್ಮೆ ಹಲ್ಲು ಕಿರಿದು "ಇದು ಸರಿಯಾದ ಗ್ರೀನು ತಾನೆ?" ಎನ್ನುವರು. ಅವಳು ನಗುವಳು. ಮನೆಗೆ ಬಂದು ಗಂಡನಿಗೆ ಮೊದಲ ಬಟ್ಟಲು ಅನ್ನ ಬಡಿಸುವಳು, ಸೆಕೆ ಇದ್ದರೆ ಗಾಳಿ ಬೀಸುವಳು, ಅವನ ಷೂಗಳ ಮೊಳೆಗಳಿಂದ ಮಣ್ಣು ಕೆರೆಯುವಳು. ಸಾಲ ತೀರಿಸುವವಳ ಹಾಗೆ ಮೂವತ್ತೇಳು ವರ್ಷ. ಹೊಟ್ಟೆಯ ಹುಣ್ಣಿನಲ್ಲಿ ಅವನು ನರಳಿ ಸತ್ತಾಗ ವಾಂತಿ ಬಳಿದವಳೂ ಅವಳೇ. ಆಗ ಅಸಹ್ಯವಾಗಿರಲಿಲ್ಲ.

ನಲವತ್ತೊಂಬತ್ತನೆಯ ದಿನದ ಕ್ರಿಯೆಗೆ ಓವಾದಾ ಬಂದ. ಎಂಬತ್ತಾರರ ಮುದುಕ. ಅರ್ಚಕರು ಹೋದ ಮೇಲೂ ಕೂತು ಮೀನು ಚೀಪುತ್ತಿದ್ದ, ಅಕ್ಕಿಯ ಮದ್ಯ ಸಾಕೆ ಹೀರುತ್ತಿದ್ದ. ಜತೆಯಲ್ಲಿದ್ದದ್ದು ಸುಮಿಯೆಯ ಹಳೆಯ ಗೆಳತಿ ಹಾತ್ಸುಯೆ ಒಬ್ಬಳೇ. ಅವಳೂ ಕ್ಯಾಡಿಯಾಗಿದ್ದವಳು.

"ಬಗ್ಗೋಕೆ ಕರ್ದಿದ್ದಾರಂತೆ?" ಎಂದಳು ಹಾತ್ಸುಯೆ. "ಆ ಮ್ಯಾನೇಜರ್ ತಲೇನಾ ಮರಳುಗುಂಡೀಲಿ ಹೂಳ್ಬೇಕು. ಕುಂಡೆ ಮಾತ್ರ ಮೇಲಿರ್ಲಿ, ಬಾವುಟ ನೆಡೋಕೆ."

ಸುಮಿಯೆಗೆ ನಗು ಬಂತು. ಎಷ್ಟೋ ದಿನದ ಮೇಲೆ.

"ಹೋಗು ಹೋಗು, ಬಗ್ಗಿ ಬಾ," ಎಂದ ಓವಾದಾ, ಮೀನಿನ ಮುಳ್ಳು ತೆಗೆಯುತ್ತ. "ಏನು ಹೋಗುತ್ತೆ ಗಂಟು? ಮಿತ್ಸುಗು ಒಳ್ಳೇವ್ನು. ಮಾಡಿದ ತಪ್ಪಿಗೆ ನಿನ್ನ ಕೈ ಹಿಡ್ದ. ಬೇರೆ ಯಾವನಾದ್ರೂ ಆಗಿದ್ರೆ ಕೈ ಕೊಡವಿಕೊಂಡು ಹೋಗ್ತಿದ್ದ."

"ಯಾವ ತಪ್ಪು?"

"ಅದೇ, ಚೀಟಿ."

"ಯಾವ ಚೀಟಿ?"

ಮುದುಕನ ದವಡೆ ನಿಂತಿತು. "ಹೇಳಿಲ್ವಾ ನಿಂಗೆ? ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು?"

"ಹೇಳಿ, ಓವಾದಾ ಸಾನ್."

"ಆಟಗಾರರಿಗೆಲ್ಲ ಮೊದಲ್ನೇ ಕುಳಿ ಹತ್ರ ಚೀಟಿ ಕೊಟ್ಟಿದ್ವಿ. ಹದಿನಾಲ್ಕರಲ್ಲಿ ಎಡಗಡೆ ಗ್ರೀನು ಅಂತ. ಮಿತ್ಸುಗು ಕೈಗೆ ನಾನೇ ಕೊಟ್ಟೆ. ಮೊದಲ್ನೇ ಹೊಡೆತದ ಗಡಿಬಿಡೀಲಿದ್ದ. ಓದದೆ ಜೇಬಿಗೆ ತುರುಕ್ದ. ಆಟ ಮುಗಿದ ಮೇಲೆ ನೆನಪಾಯ್ತು. ನನ್ನ ಮುಖ ನೋಡ್ದ. ನಾನು ಅಧ್ಯಕ್ಷರ ಮುಖ ನೋಡ್ದೆ. ಅವ್ರು ಹೇಳಿದ್ರು, ನಮ್ಮ ಆಟಗಾರ ಚೀಟಿ ಓದಲ್ಲ ಅಂದ್ರೆ ದೇಶವೆಲ್ಲ ನಗುತ್ತೆ, ಕ್ಯಾಡಿ ಬಗ್ಗಲಿ, ಹೆಂಗಸಲ್ವಾ, ನಾಳೆ ಎಲ್ಲ ಮರೀತಾರೆ ಅಂತ."

ಸುಮಿಯೆ ಗೋಡೆಗೆ ಒರಗಿಸಿಟ್ಟಿದ್ದ ಕಾಗದದ ಸುರುಳಿ ಬಿಚ್ಚಿದಳು. ಬಲಗೈ ಜೇಬಿನಲ್ಲಿದೆ. ಚಳಿಗೆ ಎಂದುಕೊಂಡಿದ್ದಳು. ಜೇಬಿನ ಮೇಲೆ ಬೆರಳಿನ ಗೆಣ್ಣುಗಳು ಎದ್ದು ಕಾಣುತ್ತಿದ್ದವು. ಏನನ್ನೋ ಮುಷ್ಟಿಯಲ್ಲಿ ಹಿಸುಕುತ್ತಿದ್ದವನ ಕೈ.

"ನೀವೂ ಅಲ್ಲೇ ಇದ್ರಿ, ನಾನು ಬಗ್ಗುವಾಗ."

"ಇದ್ದೆ."

"ಊಟ ಆಯ್ತಾ?"

"ಹ್ಞಾಂ, ಆಯ್ತು."

"ಹಾಗಾದ್ರೆ ಎದ್ದು ಹೊರಡಿ."

ಅವನು ಹೋದ ಮೇಲೆ ಅವನು ಚೀಪಿ ಬಿಟ್ಟ ಮುಳ್ಳುಗಳನ್ನು ತಟ್ಟೆಯ ಸಮೇತ ಹೊರಗೆ ಎಸೆದಳು. ಹಾತ್ಸುಯೆ ಕಾಗದವನ್ನೇ ನೋಡುತ್ತಿದ್ದಳು.

"ಈಗ ಏನ್ ಮಾಡ್ತೀಯ, ಸುಮಿ? ಹೇಳಿದ್ರೆ ಸತ್ತವನ ಮರ್ಯಾದೆ ಹೋಗುತ್ತೆ. ಹೇಳ್ದೆ ಇದ್ರೆ ನೀನು ಮತ್ತೆ ಬಗ್ಬೇಕು."

"ಅವನ ವಾಂತಿ ಬಳಿದೆ ನಾನು," ಎಂದಳು ಸುಮಿಯೆ. "ಕೊನೇ ತಿಂಗಳಲ್ಲಿ ಮಾತಾಡೋಕೆ ಬೇಕಾದಷ್ಟು ಹೊತ್ತಿತ್ತು. ಕ್ಲಬ್ಬಿನ ಕಾರಂಜಿ ಹತ್ರ ಯಾವ ಹುಲ್ಲು ಹಾಕ್ಬೇಕು ಅಂತ ಮಾತಾಡ್ದ."

ಐವತ್ತನೆಯ ವರ್ಷದ ಹಬ್ಬದ ದಿನ ಹದಿನಾಲ್ಕನೆಯ ಕುಳಿಯ ಹತ್ತಿರ ಡೇರೆ ಹಾಕಿದ್ದರು. ಕೆಂಪು ಮೂತಿಯ ಸದಸ್ಯರು ಸಾಲಾಗಿ ನಿಂತು ತಪ್ಪು ಗ್ರೀನಿಗೆ ಚೆಂಡು ಹೊಡೆಯುತ್ತಿದ್ದರು. ಸರಿಯಾಗಿ ಬಿದ್ದರೆ "ಭಲೇ, ಮಿತ್ಸುಗು!" ಎಂದು ಕೂಗುತ್ತಿದ್ದರು. ಮೇಜಿನ ಮೇಲೆ ಹಂದಿತೊಡೆ ಬಿಸಿಲಿಗೆ ಜಿಡ್ಡು ಬಿಡುತ್ತಿತ್ತು. ಅದರ ಮೇಲೆ ನೊಣ ಕೂತಿತ್ತು. ಹಿಂದೆ ಬೋರ್ಡು, ಅದರಲ್ಲಿ ಅವಳ ಬಾಗಿದ ಬೆನ್ನು, ಕೆಳಗೆ 'ತಪ್ಪು ಗ್ರೀನು ತೋರಿಸಿದ ಕ್ಯಾಡಿ' ಎಂಬ ಬರಹ. ಸಣ್ಣ ಮಕ್ಕಳಿಬ್ಬರು ಅದರ ಮುಂದೆ ಅದೇ ತರ ಬಾಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ಅಮ್ಮ ನಗುತ್ತಿದ್ದರು.

ಸುಮಿಯೆ ಕರಿಯ ಶೋಕದ ಬಟ್ಟೆಯಲ್ಲಿ ಬಂದಿದ್ದಳು. ಬಿಳಿ ಟೋಪಿ ಕೈಯಲ್ಲಿತ್ತು, ತಲೆಯ ಮೇಲಿರಲಿಲ್ಲ. ಉಚಿಕಾವಾ ಮೈಕು ಹಿಡಿದು "ಈಗ ನಮ್ಮ ಸುಮಿಯೆ ಸಾನ್, ಮೂವತ್ತೆಂಟು ವರ್ಷದ ನಂತರ ಇನ್ನೊಮ್ಮೆ!" ಎಂದ. ಚಪ್ಪಾಳೆ ಬಿತ್ತು. "ಬಗ್ಗಿ, ಬಗ್ಗಿ" ಎಂದು ಹಿಂದಿನಿಂದ ಯಾರೋ ಕೂಗಿದರು.

ಅವಳು ಬೋರ್ಡಿನ ಹತ್ತಿರ ಹೋಗಿ ಚಿತ್ರದಲ್ಲಿನ ಗಂಡನ ಜೇಬಿನ ಮೇಲೆ ಬೆರಳಿಟ್ಟಳು.

"ಇದ್ರೊಳಗೆ ಒಂದು ಚೀಟಿ ಇತ್ತು," ಎಂದಳು. ಮೈಕು ದೂರವಿತ್ತು, ಆದರೂ ಹತ್ತಿರದವರಿಗೆ ಕೇಳಿಸಿತು. "ಎಡಗಡೆ ಗ್ರೀನು ಅಂತ ಬರ್ದಿತ್ತು. ಇವನು ಓದಲಿಲ್ಲ. ನಿಮ್ಮ ಹಳೇ ಅಧ್ಯಕ್ಷರಿಗೆ ಗೊತ್ತಿತ್ತು. ಓವಾದಾಗೂ ಗೊತ್ತಿತ್ತು. ನಂಗೆ ಗೊತ್ತಿರ್ಲಿಲ್ಲ. ನಾನು ಗೇಟಿನಲ್ಲಿ ಕೊಡೆ ಹಿಡ್ಕೊಂಡಿದ್ದೆ."

 ಮುಂದಿನ ಸಾಲಿನ ಒಬ್ಬ ಹೋ ಎಂದು ನಕ್ಕ. ಅವನ ಹಿಂದೆ ಉಳಿದವರೂ ನಕ್ಕರು. ತಮಾಷೆ ಎಂದುಕೊಂಡರು, ಇಲ್ಲವೇ ತಮಾಷೆ ಎಂದುಕೊಂಡರೆ ಮುಜುಗರ ತಪ್ಪುತ್ತದೆ ಎಂದುಕೊಂಡರು. ಓವಾದಾ ಮಾತ್ರ ಷೂ ನೋಡುತ್ತ ಕೂತಿದ್ದ. ಉಚಿಕಾವಾ ಅವಳ ಕಿವಿಯ ಹತ್ತಿರ ಬಂದು, "ಸುಮಿಯೆ ಸಾನ್, ಅದೆಲ್ಲ ಆಮೇಲೆ ನೋಡೋಣ. ಈಗ ಒಂದ್ಸಲ ಬಗ್ಗಿಬಿಡಿ, ಮುಗಿಸೋಣ," ಎಂದ. ಬಾಯಿಯಿಂದ ಬಿಯರಿನ ಹುಳಿ ವಾಸನೆ.

"ಒಂದ್ಸಲ ಬಗ್ಗಿದ್ದೀನಿ," ಎಂದಳು. ಬಿಳಿ ಟೋಪಿಯನ್ನು ಹಂದಿತೊಡೆಯ ಮೇಲೆ ಮುಚ್ಚಿಟ್ಟು ಇಳಿಜಾರು ಇಳಿದಳು. ಹಾತ್ಸುಯೆ ಓಡಿ ಬಂದು ಜತೆಯಾದಳು. ಇಬ್ಬರೂ ನಾಲ್ಕನೆಯ ಕುಳಿಯನ್ನು ಹಾಯ್ದು, ಚೆಂಡು ಹೊಡೆಯುವವರು "ಏಯ್ ಅಜ್ಜಿ, ಪಕ್ಕಕ್ಕೆ!" ಎಂದು ಕೂಗಿದರೂ ಪಕ್ಕಕ್ಕೆ ಸರಿಯದೆ, ಅಪ್ಪನ ಹೊಲದ ನಡುವೆಯೇ ನಡೆದರು.

ಬೋರ್ಡು ಇವತ್ತಿಗೂ ಅಲ್ಲೇ ಇದೆ. ಅದರ ಕೆಳಗೆ ಬರೆದದ್ದೂ ಹಾಗೇ ಇದೆ.

ಮರುದಿನ ಬೆಳಗ್ಗೆ ಸುಮಿಯೆ ಅನ್ನ ಮಾಡಿದಳು. ದಿನವೂ ಮೊದಲ ಸೌಟು ಗೂಡಿನಲ್ಲಿದ್ದ ಗಂಡನ ಬಟ್ಟಲಿಗೆ ಹೋಗುತ್ತಿತ್ತು. ಅವತ್ತು ತನ್ನ ಬಟ್ಟಲಿಗೆ ಹಾಕಿಕೊಂಡಳು. ಉಪ್ಪಿನಕಾಯಿ ಹಚ್ಚಿಕೊಂಡು ಬಿಸಿಬಿಸಿ ತಿಂದಳು, ಹೊಟ್ಟೆ ತುಂಬ. ಪಟದಲ್ಲಿ ಅವನು ಎತ್ತಲೋ ನೋಡುತ್ತಿದ್ದ. ತಳದಲ್ಲಿ ಉಳಿದದ್ದನ್ನು ಕೆರೆದು, ತಣ್ಣಗಾದ ಮೇಲೆ, ಅವನಿಗೆ ಇಟ್ಟಳು.